ಒಂದು ತೋಳಿನ ಕುಪ್ಪಸ

ಬನಹಟ್ಟಿಯ ಮುರಗೆಪ್ಪನ ಮನೆಯಲ್ಲಿ ನಾಲ್ಕು ಟ್ರಂಕುಗಳಿದ್ದವು. ಮೂರು ಬಾಡಿಗೆಗೆ, ಒಂದು ಬಾಳಿಗೆ. ಹಳ್ಳಿಯ ಹವ್ಯಾಸಿ ನಾಟಕಗಳಿಗೆ ಡ್ರೆಸ್ ಕೊಡುವುದು ಅವನ ಕಸುಬು. ಆ ಮೂರು ಟ್ರಂಕುಗಳ ರಾಜರು, ಮಂತ್ರಿಗಳು, ಯಮಧರ್ಮರು ಸಾವಳಗಿಯಿಂದ ಮಹಾಲಿಂಗಪುರದವರೆಗೆ ಬಸ್ಸಿನ ಟಾಪಿನ ಮೇಲೆ ತಿರುಗಿ, ಬೆವರಿ, ಹರಿದು, ಎದೆಗೆ ಚಹಾ ಚೆಲ್ಲಿಕೊಂಡು ವಾಪಸು ಬರುತ್ತಿದ್ದರು. ಒಂದೇ ವಾರದಲ್ಲಿ ಒಂದೇ ಕಿರೀಟವನ್ನು ಮೂವರು ದೊರೆಗಳಿಗೆ ಹೊಂದಿಸಿದವನು ಮುರಗೆಪ್ಪ. ವಿಧಾನಸೌಧದಲ್ಲೂ ಅಷ್ಟು ಬೇಗ ಅಧಿಕಾರ ಕೈ ಬದಲಾಯಿಸುವುದಿಲ್ಲ.

ನಾಲ್ಕನೆಯ ಟ್ರಂಕಿನಲ್ಲಿದ್ದದ್ದು ಒಂದು ನಾಟಕ ಕಂಪನಿಯ ಹಳೆಯ ಉಡುಪು. 1974ರಲ್ಲಿ ಬನಹಟ್ಟಿಯಲ್ಲೇ ಕೊನೆಯ ಕ್ಯಾಂಪು ಮಾಡಿ ಮುಚ್ಚಿಹೋದ ಆ ಕಂಪನಿಗೆ ಮುರಗೆಪ್ಪ ಟೇಲರ್ ಆಗಿದ್ದ. ವರ್ಷಕ್ಕೆ ಎರಡು ಸಲ ಅವನ್ನೆಲ್ಲ ತೆಗೆದು ನೆರಳಲ್ಲಿ ಗಾಳಿಗೆ ಹರಡುತ್ತಿದ್ದ. ಹಳೆಯ ಮಡಿಕೆಯ ಮೇಲೇ ಮತ್ತೆ ಮಡಚುತ್ತಿರಲಿಲ್ಲ. ಹಾಗೆ ಮಡಚಿದರೆ ರೇಷ್ಮೆ ಅಲ್ಲೇ ಸೀಳುತ್ತದೆ. ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿದ ಕಲಾಬತ್ತನ್ನು ಬರಿಗೈಯಿಂದ ಮುಟ್ಟುತ್ತಿರಲಿಲ್ಲ. ಒಗೆದ ಧೋತರದಲ್ಲಿ ಸುತ್ತಿ, ಒಣಗಿದ ಬೇವಿನೆಲೆ, ಬಜೆಯ ಬೇರು ಇಟ್ಟು ಮುಚ್ಚುತ್ತಿದ್ದ. ಜರಿ ಕಪ್ಪಾಗಿದೆಯಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಲೇ ಎಂದು ಹೆಂಡತಿ ಅನಸವ್ವ ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ಜರಿ ಇದ್ದ ಮನೆಯಲ್ಲಿ ಜರಿಯುವವರೂ ಇರಬೇಕಲ್ಲ. ಮೂರನೆಯ ದಿನ ಅನಸವ್ವನೇ ಬಾಯಿ ತೆಗೆದಳು.

"ನನ್ನ ಲಗ್ನದ ಸೀರಿ ಇಲಿ ಕಡದ ಎಂಟ ವರ್ಷ ಆತು, ಕೇಳಿಲ್ಲ ನೀವು. ಆ ಒಂದ ತೋಳಿನ ಸವತಿಗೆ ಮಾತ್ರ ಬೇವಿನ ಹಾಸಿಗಿ!"

ಸವತಿ ಎಂದರೆ ಖಣದ ಒಂದು ಕುಪ್ಪಸ. ಕಂಪನಿಯ ರಾಣಿ ಪಾತ್ರದ್ದು. ಅದಕ್ಕೆ ಎಡತೋಳು ಮಾತ್ರ ಇತ್ತು.

ರಾಣಿಯಾಗುತ್ತಿದ್ದವಳು ಇಂದ್ರವ್ವ, ಬೀಳಗಿ ತಾಲೂಕಿನ ಹೊಳೆದಂಡೆಯ ಊರಿನವಳು. ಕಂಪನಿ ಮುಚ್ಚಿದ ದಿನ ಕುಪ್ಪಸ ನೆನಪಿಗೆ ಬೇಕೆಂದಳು. ಟ್ರಂಕು ಮುರಗೆಪ್ಪನ ಪಾಲಿಗೆ ಬಂದಿತ್ತು. ಅವನಿಗೂ ಕುಪ್ಪಸ ಬೇಕಿತ್ತು, ಅದರೊಳಗಿನವಳೂ ಬೇಕಿದ್ದಳು. ಆದರೆ ಹೊಲಿಯುವವನ ಬಾಯಲ್ಲಿ ಯಾವಾಗಲೂ ದಾರ ಕಚ್ಚಿರುತ್ತದೆ. ಮಾತು ಬರಬೇಕಾದ ಆ ಹೊತ್ತಿನಲ್ಲೂ ಕಚ್ಚಿತ್ತು.

"ಅದಕ್ಯಾಕ ಅಷ್ಟ ಚಿಂತಿ ಮಾಡ್ತೀರಿ ಮಾಸ್ತರ?" ಎಂದು ಇಂದ್ರವ್ವ ನಕ್ಕಳು. "ನಿಮಗೊಂದು ತೋಳು, ನನಗೊಂದು ತೋಳು. ಬಿಚ್ಚಿ ಕೊಡ್ರಿ, ಯಾವ ತೋಳಾದ್ರೂ ನಡೀತೈತಿ."

ಮುರಗೆಪ್ಪ ಬಲತೋಳು ಬಿಚ್ಚಿ ಕೊಟ್ಟ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಜಮಖಂಡಿ ಬಸ್ಸು ಹತ್ತಿದಳು.

ಆಮೇಲೆ ಅವನಿಗೆ ಲಗ್ನವಾಯಿತು, ಮಕ್ಕಳಾದರು, ಕನ್ನಡಕ ಬಂತು. ಆಲಮಟ್ಟಿಯ ಹಿನ್ನೀರು ವರ್ಷ ವರ್ಷ ಮುಂದಕ್ಕೆ ಬಂದು ಇಂದ್ರವ್ವನ ಊರನ್ನು ನುಂಗಿತು. ಊರಿನವರು ಒಂದೊಂದು ಪುನರ್ವಸತಿ ಕೇಂದ್ರಕ್ಕೆ ಚೆದುರಿದರು. ನೀರಲ್ಲಿ ಮೊದಲು ಹೋದದ್ದು ವಿಳಾಸ.

2010ರಲ್ಲಿ ಧಾರವಾಡದಿಂದ ರಾಜಶ್ರೀ ಎಂಬ ಹುಡುಗಿ ಬಂದಳು. ಹಳೆಯ ರಂಗ ಉಡುಪುಗಳ ಮೇಲೆ ಸಂಶೋಧನೆ; ಒಳ್ಳೆಯವನ್ನು ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಒಯ್ಯುವ ಹುಕುಮೂ ಇತ್ತು. ಬಿಳಿ ಕೈಗವಸು ತೊಟ್ಟು, ಕುಪ್ಪಸವನ್ನು ಕೂಸಿನಂತೆ ಎತ್ತಿ, ತೋಳಂಚಿನ ಪಟ್ಟಿಯ ಮೇಲೆ ಭೂತಗನ್ನಡಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಸಣ್ಣದಾಯಿತು.

"ಕಾಕಾರ, ತಪ್ಪ ತಿಳೀಬ್ಯಾಡ್ರಿ. ಒಳಗಿನ ಎಳಿ ಹತ್ತೀದು. ಮ್ಯಾಲೆ ತಾಮ್ರ, ಹಸರ ಕಿಲುಬು ಹಿಡದೈತಿ. ಇದು ಖರೆ ಕಲಾಬತ್ತ ಅಲ್ರಿ."

ಬಾಗಿಲಲ್ಲಿ ನಿಂತಿದ್ದ ಅನಸವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಲಗ್ನಾದಾಗಿಂದ ಖೊಟ್ಟಿ ಸವತಿ ಕೂಡ ಜಗಳಾಡಿದ್ನೇನ ನಾ!"

"ಗೊತ್ತೈತಿ," ಎಂದ ಮುರಗೆಪ್ಪ. "ನಾನ ಹಚ್ಚಿದ್ದು. ಜಮಖಂಡಿ ವಾಡೆದ ಒಂದ ಹಳೀ ಅಂಗರಖಾ ಅಂಗಿಯಾಗ ಖರೆ ಪಟ್ಟಿ ಸಿಕ್ಕಿತ್ತು, ಒಂದ ತೋಳಿಗಷ್ಟ ಸಾಲೂವಷ್ಟು. ರಾಣಿ ಪಾರ್ಟಿನ ಇಂದ್ರವ್ವ ಪದಾ ಹಾಡೂಮುಂದ ಎತ್ತೂದು ಬಲಗೈ. ದೀಪದ ಬೆಳಕ ಅಲ್ಲೇ ಬೀಳೂದು. ಅದಕ್ಕ ಬಲತೋಳಿಗೆ ಖರೆ ಹಚ್ಚಿದೆ, ಎಡಕ್ಕ ಇದನ್ನ. ಕಂಪನಿ ಮುಚ್ಚಿದ ದಿನ ಆ ಬಲತೋಳ ಬಿಚ್ಚಿ ಆಕಿಗೇ ಕೊಟ್ಟೆ."

ರಾಜಶ್ರೀ ಭೂತಗನ್ನಡಿಯನ್ನು ಕೆಳಗಿಟ್ಟಳು. "ಅಂದ್ರ ಬಿಚ್ಚಿ ಕೊಡೂಮುಂದ..."

"ಯಾವ ತೋಳಾದ್ರೂ ನಡೀತೈತಿ ಅಂದಿದ್ಲು. ಆಕಿಗೆ ಗೊತ್ತಿರಲಿಲ್ಲ."

"ಇಂದ್ರವ್ವಾರೇ ನಿಮ್ಮ ಹೆಸರು ಹೇಳಿದ್ದು ಕಾಕಾರ. ಬೀಳಗಿ ಕಡೆ ಪುನರ್ವಸತಿ ಕೇಂದ್ರದಾಗ ಅದಾರ. ಹೋದ ತಿಂಗಳ ಮಾತಾಡಿಸಿ ಬಂದೆ."

ಮುರಗೆಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳುವುದನ್ನು ಮರೆತ. "ತೋಳು ಐತೇನು ಆಕಿ ಹತ್ತರ?"

"ಕೇಳಲಿಲ್ರಿ. ನನಗ ಗೊತ್ತಿರಲಿಲ್ಲಲ್ಲ."

"ಹಂಗಾರ ಒಂದ ವಾರ ತಡೀರಿ. ಎರಡೂ ತೋಳ ಕೂಡಿಸಿ ಕೊಡ್ತೇನಿ."

ಮರುದಿನ ಅನಸವ್ವ ರೊಟ್ಟಿ ಕಟ್ಟಿಕೊಟ್ಟಳು. "ಹೋಗಿ ಬರ್ರಿ. ಇನ್ನೊಂದ ಕೈ ಸಿಕ್ಕರ ತರ್ರಿ, ನನಗೂ ಕೆಲಸಕ್ಕ ಆಸರಾಗತೈತಿ." ರೊಟ್ಟಿಯ ಗಂಟು ಮಾತ್ರ ಇಬ್ಬರಿಗಾಗುವಷ್ಟಿತ್ತು.

ಪುನರ್ವಸತಿ ಕೇಂದ್ರದಲ್ಲಿ ಓಣಿಗಳೆಲ್ಲ ಅಳತೆಪಟ್ಟಿ ಹಿಡಿದು ಕತ್ತರಿಸಿದ ಹಾಗೆ ನೆಟ್ಟಗಿದ್ದವು. ಇಂದ್ರವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ತಲೆ ಪೂರಾ ಬಿಳಿ. ಎದ್ದು, ಬಲಗೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಆ ಕೈ ಎತ್ತುವ ರೀತಿ ಬದಲಾಗಿರಲಿಲ್ಲ.

"ಯವ್ವಾ, ಟೇಲರ್ ಮಾಸ್ತರ! ಜಂಪರ್ ಅಳತಿ ತಗೊಳ್ಳಾಕ ಈಗ ಬಂದ್ರೇನು?"

"ತಡಾ ಆತ್ರಿ ಬಾಯಾರ," ಎಂದ ಮುರಗೆಪ್ಪ. ಬ್ಯಾಗಿನಲ್ಲಿ ಕುಪ್ಪಸ, ಸೂಜಿ, ಹೊಂದುವ ಬಣ್ಣದ ರೇಷ್ಮೆ ದಾರ ಇದ್ದವು. ರೊಟ್ಟಿ ಬಿಚ್ಚುವ ಮೊದಲೇ ಬಲತೋಳಿನ ಬಗ್ಗೆ ಕೇಳಿಬಿಟ್ಟ.

ಇಂದ್ರವ್ವನ ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಬಿತ್ತು. "ಇಟಗೊಂಡಿದ್ನಿ ಮಾಸ್ತರ. ಇಪ್ಪತ್ತೈದ ವರ್ಷ ಇಟಗೊಂಡಿದ್ನಿ. ಊರಾಗ ನೀರ ಬಂದ ವರ್ಷ, ಹಳೀ ಜರಿ ಸೀರಿ ತಗೊಂಡು ಭಾಂಡೆ ಕೊಡಾಂವ ಒಬ್ಬ ಬಂದ. ಎಲ್ಲಾರೂ ಟ್ರಂಕ ಬರಿದು ಮಾಡಾಕತ್ತಿದ್ರು. ಟ್ರಾಕ್ಟರದಾಗ ಏನೇನ ಒಯ್ಯೂದು ಹೇಳ್ರಿ? ಕೊಟ್ಟಬಿಟ್ಟೆ."

ಮುರಗೆಪ್ಪ ಬ್ಯಾಗಿನ ಜಿಪ್ ಎಳೆದು ಮುಚ್ಚಿದ. ಅಂಥವರು ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಸುಡುವವನಿಗೆ ಅದು ಯಾರ ತೋಳು ಎಂದು ಗೊತ್ತಿರುವುದಿಲ್ಲ.

"ಏನ ಕೊಟ್ಟ ಅಂವ?"

"ಅದ ನನಗೂ ತಿಳೀಲಿಲ್ರಿ. ನಾ ಒಂದ ತಂಬಿಗಿ ಕೇಳಿದ್ದೆ. ಅಂವ ಒಂದ ಎಳಿ ಕಿತ್ತು, ಕಡ್ಡಿ ಕೊರದ ಸುಟ್ಟ ನೋಡಿದ. ಮಾತಿಲ್ಲ ಕತಿಯಿಲ್ಲ, ಇಷ್ಟ ದೊಡ್ಡ ಕೊಡಾ ಇಟ್ಟು ಹೋದ. ಪಾಪ, ಹುಚ್ಚ ಅಂದ್ಕೊಂಡೆ." ಒಳಗಿನ ಮೂಲೆಯಲ್ಲಿ ದೊಡ್ಡ ಸ್ಟೀಲಿನ ಕೊಡ ಹೊಳೆಯುತ್ತಿತ್ತು.

"ಅಂವ ಹುಚ್ಚ ಅಲ್ರಿ ಬಾಯಾರ. ಮೋಸಾನೂ ಮಾಡಿಲ್ಲ."

ಇಂದ್ರವ್ವ ಕೊಡವನ್ನು ನೋಡಿದಳು. ಆಮೇಲೆ ಅವನನ್ನು. "ಹಂಗಾರ ನಿಮ್ಮ ತೋಳಿಗೆ ಏನ ಬರತಿತ್ತ ಮಾಸ್ತರ?"

"ಅದಕ್ಕೊಂದು ಚಮಚಾನೂ ಬರತಿದ್ದಿಲ್ರಿ."

ಅವಳು ಎದ್ದು ಹೋಗಿ ಕೊಡ ಬಗ್ಗಿಸಿ, ತಂಬಿಗೆ ತುಂಬಿ ತಂದು ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೂ ನಿಂತೇ ಇದ್ದಳು.

"ಇನ್ನ ಬೇಕೇನ್ರಿ?"

"ಬೇಕು," ಎಂದ ಮುರಗೆಪ್ಪ. ನೀರಡಿಕೆ ಇರಲಿಲ್ಲ.

ವಾರ ಕಳೆದು ರಾಜಶ್ರೀ ಮತ್ತೆ ಬಂದಾಗ ಕುಪ್ಪಸ ಧೋತರದಲ್ಲಿ ಸುತ್ತಿ ತಯಾರಿತ್ತು. ಈ ಸಲ ಬೇವಿನೆಲೆ ಇಟ್ಟವಳು ಅನಸವ್ವ. ಹುಡುಗಿ ಚೀಟಿ ತೆಗೆದು ಬರೆಯತೊಡಗಿದಳು: ಗುಳೇದಗುಡ್ಡದ ಖಣ, ಎಡತೋಳಿಗೆ ತಾಮ್ರದ ಜರಿ. ಅಲ್ಲಿ ಪೆನ್ನು ನಿಂತಿತು.

"ಬಲತೋಳು ಕಳದೈತಿ ಅಂತ ಬರೀಲೇನ್ರಿ ಕಾಕಾರ?"

"ಬ್ಯಾಡ್ರಿ," ಎಂದ ಮುರಗೆಪ್ಪ. "ಬಳಕಿಯಾಗ ಐತಿ ಅಂತ ಬರೀರಿ."