ಬಿಳಿ ಚುಕ್ಕೆಯ ಸುತ್ತ

ಅಪ್ಪನ ಕಣ್ಣು ಚೆನ್ನಾಗಿದೆ ಎಂದು ನಾನು ನಂಬಿದ್ದು ಒಂದು ಗ್ಯಾಲಕ್ಸಿಯ ಚಿತ್ರದಿಂದ.

ಬಳ್ಳಾರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಾಠ, ಪರೀಕ್ಷೆ, ಮೀಟಿಂಗುಗಳು ತಿಂದು ಬಿಟ್ಟ ಹೊತ್ತಿನಲ್ಲಿ ಸಂಶೋಧನೆ. ನನ್ನ ವಿಷಯ ರೇಡಿಯೊ ಗ್ಯಾಲಕ್ಸಿಗಳು. ಇಂಥ ಒಂದೊಂದರ ನಟ್ಟನಡುವಿನ ಕಪ್ಪುಕುಳಿಯ ಬಳಿಯಿಂದ ಎರಡೂ ಕಡೆ ಚಿಮ್ಮುವ ಧಾರೆಗಳು ಗ್ಯಾಲಕ್ಸಿಯನ್ನೇ ದಾಟಿ ಹೋಗುತ್ತವೆ. ಅಷ್ಟು ಜೋರಿನ ಧಾರೆಯನ್ನು ತಡೆಯಲು ಸುತ್ತ ಏನೋ ಇರಬೇಕಲ್ಲ? ಇದ್ದರೆ ಅದು ಕೋಟಿಗಟ್ಟಲೆ ಡಿಗ್ರಿ ಕಾದ, ತೀರಾ ತೆಳುವಾದ ಅನಿಲ. ಎಕ್ಸ್-ರೇ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ಅಂಥ ಒಂದು ಗ್ಯಾಲಕ್ಸಿಯ ಬಗ್ಗೆ ಬಾಹ್ಯಾಕಾಶದ ದೂರದರ್ಶಕ ಕಳಿಸಿದ ಎಕ್ಸ್-ರೇ ಚುಕ್ಕೆಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು, ಸತ್ಯನಾರಾಯಣಪೇಟೆಯ ಮನೆಯಲ್ಲಿ ಫ್ಯಾನಿನ ಕೆಳಗೂ ಬೆವರುತ್ತ, ನಾನು ಆ ಅನಿಲವನ್ನು ಹುಡುಕುತ್ತಿದ್ದೆ.

ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಕೆಲಸ ಬಿಟ್ಟ ಮೇಲೆ ನನ್ನ ಜೊತೆಗಿದ್ದ. ಆ ಸುಗ್ಗಿಯಲ್ಲಿ ತೆಕ್ಕಲಕೋಟೆಯ ಹತ್ತಿರ, ರಸ್ತೆ ಅಂಚಿನಲ್ಲಿ ಒಣಹಾಕಿದ ಭತ್ತದ ಸುತ್ತ ಇಟ್ಟಿದ್ದ ಕಲ್ಲಿಗೆ ಸ್ಕೂಟರ್ ಹತ್ತಿಸಿ ಬಿದ್ದ. "ಕಲ್ಲಿಟ್ಟೋರಿಗೆ ಬುದ್ಧಿ ಬ್ಯಾಡೇನು?" ಎಂದು ಬೈದ. ಆಮೇಲೆ ಕುರುಗೋಡಿನ ನೆಂಟರ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡ. ಕಣ್ಣು ತೋರಿಸೋಣ ಎಂದೆ.

"ನನಗೇನಾಗೇತಿ? ಮೊದಲು ನಿನ್ನ ಕೆಲಸ ಮುಗಸು."

ಹಟದಲ್ಲಿ ಅಪ್ಪನನ್ನು ಗೆದ್ದವರಿಲ್ಲ. ನಾನೂ ಅವನ ಮಗಳೇ, ಆದರೆ ನನ್ನ ಹಟವೆಲ್ಲ ಆ ಗ್ಯಾಲಕ್ಸಿಯ ಮೇಲಿತ್ತು.

ಅದೇ ವಾರ ಚಿತ್ರ ಸಿದ್ಧವಾಯಿತು. ನಡುವೆ ಗ್ಯಾಲಕ್ಸಿಯ ಬಿಳಿ ಚುಕ್ಕೆ, ಸುತ್ತ ಮಸುಕಾದ ದುಂಡನೆಯ ಬೆಳಕು. ನನ್ನ ಅನಿಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಪ್ಪನ ಕೈಗೆ ಕೊಟ್ಟೆ. ಮುಖದ ಹತ್ತಿರ ಹಿಡಿದ.

"ಸುತ್ತ ಬೆಳಕು ಕಾಣಸ್ತೈತೇನಪ್ಪಾ?"

"ಕಾಣದ ಏನು? ಪೂರಾ ಕಾಣತೈತಿ. ಭಾಳ ಚಂದ ಐತಿ."

ಇಷ್ಟು ಮಸುಕಾದದ್ದು ಕಂಡವನಿಗೆ ಕಣ್ಣಿನ ತೊಂದರೆ ಎಲ್ಲಿಂದ ಬರಬೇಕು? ಚಿತ್ರಕ್ಕೆ ಕಟ್ಟು ಹಾಕಿಸಿ ಅವನ ಕುರ್ಚಿಯ ಪಕ್ಕದ ಗೋಡೆಗೆ ತೂಗುಹಾಕಿದೆ. ಆಸ್ಪತ್ರೆಯ ಮಾತು ಅಲ್ಲಿಗೆ ನಿಂತಿತು.

ಅದೇ ಚಿತ್ರವಿಟ್ಟು ಸಂಶೋಧನಾ ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ಪರಿಶೀಲಿಸಿದವರು ಬಹಳ ತಿಂಗಳ ನಂತರ ಒಂದೇ ಪ್ರಶ್ನೆ ಕೇಳಿದರು. ದೂರದರ್ಶಕದ ಕನ್ನಡಿ ನಡುವಿನ ಚುಕ್ಕೆಯ ಬೆಳಕನ್ನು ಸುತ್ತಲೂ ಚೆಲ್ಲುತ್ತದೆ, ಅದನ್ನು ಚಿತ್ರದಿಂದ ಪೂರ್ತಿ ಕಳೆದಿದ್ದೀರಾ? ಕಳೆದಿದ್ದೆ, ಆದರೆ ಕಡಿಮೆ ಕಳೆದಿದ್ದೆ. ಬೇಕೆಂದದ್ದು ಕಂಡ ಕೂಡಲೇ ಕೈ ನಿಲ್ಲಿಸಿದ್ದೆ. ಸರಿಯಾಗಿ ಕಳೆದಾಗ ದುಂಡನೆಯ ಬೆಳಕು ಪೂರಾ ಹೋಯಿತು, ಚುಕ್ಕೆಯೊಂದೇ ಉಳಿಯಿತು.

ಅಷ್ಟರಲ್ಲಿ ಅಪ್ಪ ತಟ್ಟೆಯ ಪಕ್ಕದ ನೀರಿನ ಲೋಟ ದಿನವೂ ಕೆಡವತೊಡಗಿದ್ದ. ಆಸ್ಪತ್ರೆಗೆ ಎಳೆದುಕೊಂಡೇ ಹೋದೆ. ಗ್ಲಾಕೋಮಾ ಎಂದರು ಡಾಕ್ಟರು. ನೋಟ ಅಂಚಿನಿಂದ ಒಳಕ್ಕೆ ಸವೆದು ಬಂದಿದೆ, ಹೋದದ್ದು ಮರಳುವುದಿಲ್ಲ, ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದು ಕೂತ ಮೇಲೆ ಹೇಳಿದೆ. "ಅಪ್ಪಾ, ಆ ಚಿತ್ರ ತಪ್ಪು. ಸುತ್ತ ಬೆಳಕು ಇರಲಿಲ್ಲ."

ಅಪ್ಪ ಕುರ್ಚಿಗೆ ಒರಗಿ, "ನನಗೂ ಕಂಡಿರಲಿಲ್ಲ ಬಿಡವಾ," ಎಂದ. "ನಡುವ ಒಂದು ಬಿಳಿ ಚುಕ್ಕಿ ಅಷ್ಟ ಕಂಡಿತ್ತು. ನೀ ಅಷ್ಟು ಖುಷಿಲೆ ನಿಂತಿದ್ದಿ. ಇಲ್ಲ ಅನ್ನಾಕ ಮನಸಾಗಲಿಲ್ಲ."

ಅವನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಎದ್ದು ಗೋಡೆಯಿಂದ ಚಿತ್ರ ತೆಗೆದೆ. ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ತೆಗೆದದ್ದು ಗೊತ್ತಾಗಲಿಲ್ಲ.