ಎರಡು ಕಾರಿಗೆ ಒಂದೇ ಬೆನ್ನು

ಅಚ್ಚಣ್ಣ ಅನ್ನುವುದು ಅವನ ಹೆಸರಲ್ಲ, ಕಸುಬು. ಫಾರ್ಮುಲಾ ರೇಸ್ ಕಾರುಗಳ ಮೈಗೆ ಅಚ್ಚು ಮಾಡಿ, ಅದರೊಳಗೆ ಗಾಜಿನ ನಾರಿನ ಬಟ್ಟೆ ಹಾಸಿ, ಅಂಟು ಬಳಿದು, ಗಟ್ಟಿಯಾದ ಮೇಲೆ ಕಿತ್ತು ತೆಗೆಯುವುದು ಅವನ ಕೆಲಸ. ಮನೆಯವರಿಗೆಲ್ಲ ಅಚ್ಚುಮೆಚ್ಚಿನವನಾಗಿದ್ದರಿಂದ ಹೆಸರು ಎರಡೂ ಕಡೆಯಿಂದ ಒಪ್ಪುತ್ತಿತ್ತು. ಅವನು ನಲವತ್ತು ದಾಟಿದ್ದ. ಮದುವೆ ಅವನನ್ನು ದಾಟಿಕೊಂಡು ಮುಂದೆ ಹೋಗಿತ್ತು.

ಫಾರ್ಮುಲಾ ಕಾರನ್ನು ಹತ್ತಿರದಿಂದ ನೋಡದವರು ಒಂದು ಸ್ನಾನದ ತೊಟ್ಟಿಗೆ ನಾಲ್ಕು ಚಕ್ರ ಕಟ್ಟಿದಂತೆ ಊಹಿಸಿಕೊಂಡರೆ ಸಾಕು. ಒಬ್ಬನೇ ಒಬ್ಬ ಕಾಲು ಚಾಚಿ ಅರ್ಧ ಮಲಗಿ ಅರ್ಧ ಕೂತಿರಬೇಕು. ಚಕ್ರ ನಾಲ್ಕೂ ಹೊರಗೆ, ಜೀವ ಒಂದು ಒಳಗೆ. ಇಂಥ ತೊಟ್ಟಿಗಳನ್ನು ವರ್ಷಗಟ್ಟಲೆ ಮಾಡಿದ ಅಚ್ಚಣ್ಣನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬೇಕೂ ಇರಲಿಲ್ಲ. ಅವನು ಹೋಗಬೇಕಾದ ಜಾಗವೆಲ್ಲ ಒಂದೇ ಕಾಂಪೌಂಡಿನೊಳಗಿತ್ತು.

ಅವನಿಗೆ ಇಬ್ಬರು ಅಕ್ಕಂದಿರು, ಹಾಗಾಗಿ ಇಬ್ಬರು ಭಾವಂದಿರು. ದೊಡ್ಡಭಾವ ನಕ್ಷೆ ಬರೆಯುವವನು, ಚಿಕ್ಕಭಾವ ಎಂಜಿನ್ ಬಿಚ್ಚುವವನು. ಷಡ್ಡಕರು ಸೇರಿಕೊಂಡು ಮನೆಯ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಒಂದು ರೇಸ್ ತಂಡ ಕಟ್ಟಿದ್ದರು. ಇಬ್ಬರಲ್ಲಿ ಯಾರ ಹೆಸರು ಮೊದಲು ಎಂಬ ಜಗಳ ಬರದಿರಲಿ ಎಂದು ತಂಡದ ಯಜಮಾನಿಕೆಯನ್ನು ದೊಡ್ಡಕ್ಕನ ಹೆಸರಿನಲ್ಲಿ ಬರೆಸಿದ್ದರು. ಆದರೆ ಜಗಳಕ್ಕೆ ಬೇರೆ ದಾರಿಗಳೂ ಗೊತ್ತಿದ್ದವು. ಕಾರಿನ ಮೂಗು ಸಪೂರ ಇರಬೇಕೋ ಅಗಲ ಇರಬೇಕೋ ಎಂದು ಶುರುವಾಯಿತು. ಬರುಬರುತ್ತಾ ಒಬ್ಬನು ಇನ್ನೊಬ್ಬನ ಸ್ವಂತ ಮೂಗಿನ ಬಗ್ಗೆ ಮಾತಾಡಿದ. ಮೂಗಿನ ತುದಿಯಲ್ಲಿದ್ದ ಸಿಟ್ಟು ಕೈಗೆ ಇಳಿಯಿತು. ಬಿಡಿಸಲು ಮೂಗು ತೂರಿಸಿದ ಅಚ್ಚಣ್ಣನ ಮೂಗಿನಲ್ಲಿ ರಕ್ತ ಬಂತು. ಚಿಕ್ಕಭಾವ ತಂಡ ಬಿಟ್ಟ. ಮನೆ ಬಿಡಲಾಗಲಿಲ್ಲ, ಆದ್ದರಿಂದ ಮನೆಯ ನಡುವೆ ಗೋಡೆ ಎದ್ದಿತು. ಶೆಡ್ಡಿನ ನಡುವೆ ತಗಡಿನ ಅಡ್ಡಗೋಡೆ ಬಂತು.

ಅಚ್ಚಣ್ಣನ ಕೋಣೆ ಶೆಡ್ಡಿನ ಅಟ್ಟದ ಮೇಲೆ, ಸರಿಯಾಗಿ ಗಡಿರೇಖೆಯ ನೆತ್ತಿಯ ಮೇಲಿತ್ತು. ಏಣಿಮೆಟ್ಟಿಲು ದೊಡ್ಡಭಾವನ ಪಾಲಿಗೆ ಬಿತ್ತು, ಬಚ್ಚಲು ಚಿಕ್ಕಭಾವನ ಪಾಲಿಗೆ. ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಅವನು ಒಂದು ಕಡೆ ಇಳಿದು, ಬೀದಿಗೆ ಬಂದು, ಇನ್ನೊಂದು ಗೇಟಿನಿಂದ ಒಳಗೆ ಹೋಗಬೇಕಾಗಿತ್ತು. ಹೋಗುವಾಗ ದೊಡ್ಡಭಾವ, “ಏನೋ, ಆ ಕಡೆ ಸಮಾಚಾರ?” ಅನ್ನುತ್ತಿದ್ದ. ಆ ಗೇಟು ದಾಟಿದೊಡನೆ ಚಿಕ್ಕಭಾವ, “ಸ್ನಾನ ಮಾಡೋಕೆ ಬಂದ್ಯೋ, ಬೇಹುಗಾರಿಕೆಗೆ ಬಂದ್ಯೋ?” ಅನ್ನುತ್ತಿದ್ದ. ಎರಡು ಭಾವಗಳ ನಡುವೆ ಸಿಕ್ಕಿಕೊಂಡವನಿಗೆ ಸ್ವಂತ ಭಾವನೆಗೆ ಜಾಗವಿರಲಿಲ್ಲ.

ತಂಡ ಬಿಟ್ಟ ಚಿಕ್ಕಭಾವ ಮನೆಯಲ್ಲಿ ಕೂತ. ಕೂತವನು ಸುಮ್ಮನೆ ಕೂರಲಿಲ್ಲ. ಮಿಕ್ಸಿ ಬಿಚ್ಚಿದ, ಫ್ಯಾನ್ ಬಿಚ್ಚಿದ, ಮಕ್ಕಳ ಸೈಕಲ್ ಬಿಚ್ಚಿದ. ಯಾವುದನ್ನೂ ತಿರುಗಿ ಜೋಡಿಸಲಿಲ್ಲ. ಚಿಕ್ಕಕ್ಕ ಒಂದು ಮಧ್ಯಾಹ್ನ ಹಿತ್ತಲಿಗೆ ಬಂದು ದೊಡ್ಡಕ್ಕನ ಮುಂದೆ ಕಣ್ಣೀರು ಹಾಕಿದಳು. ಗೋಡೆ ಗಂಡಸರದ್ದು, ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಈಗಲೂ ಒಂದೇ ಆಗಿತ್ತು.

“ಇನ್ನೊಂದು ವಾರ ಹೀಗೇ ಆದ್ರೆ ನನ್ನನ್ನೂ ಬಿಚ್ಚಿಡ್ತಾರೆ ಕಣೇ,” ಅಂದಳು ಚಿಕ್ಕಕ್ಕ.

ದೊಡ್ಡಕ್ಕ ಬಟ್ಟೆ ಕೊಡವುತ್ತಾ ಯೋಚಿಸಿದಳು. “ಅವರವರ ಆಟಿಕೆ ಅವರವರ ಕೈಲಿದ್ರೆ ಇಬ್ಬರೂ ತೆಪ್ಪಗಿರ್ತಾರೆ. ತಮ್ಮಾ, ಬಾರೋ ಇಲ್ಲಿ. ನಮ್ಮ ತಂಡದ ಆ ಅಚ್ಚಿನಿಂದ ಇನ್ನೊಂದು ಮೈ ತೆಗೆಯೋಕಾಗುತ್ತಾ?”

“ಆಗುತ್ತೆ. ಆದ್ರೆ ಭಾವ...”

“ನಿಮ್ಮ ಭಾವನ ವಿಷಯ ನನಗೆ ಬಿಡು. ತಂಡ ಯಾರ ಹೆಸರಲ್ಲಿದೆ?”

ಭಾವಂದಿರಿಬ್ಬರೂ ಊರಲ್ಲಿಲ್ಲದ ಒಂದು ವಾರ ಅಚ್ಚು ತಗಡಿನ ಗೋಡೆ ದಾಟಿತು. ಅಚ್ಚು ಅಂದರೆ ಬುಟ್ಟಿಯಲ್ಲಿಟ್ಟು ಒಯ್ಯುವಂಥದ್ದಲ್ಲ. ಮಗುಚಿದ ದೋಣಿಯಷ್ಟು ಉದ್ದ, ಒಂದು ಬೀರುವಿನಷ್ಟು ಭಾರ. ಅಚ್ಚಣ್ಣ ಒಂದು ತುದಿ ಹಿಡಿದ, ಅಕ್ಕಂದಿರಿಬ್ಬರೂ ಇನ್ನೊಂದು ತುದಿ. “ಸೊಂಟ, ಸೊಂಟ!” ಎಂದು ಚಿಕ್ಕಕ್ಕ ಕೂಗಿದಳು. “ನಿನ್ನ ಸೊಂಟ ಆಮೇಲೆ, ಮೊದಲು ಅಚ್ಚು,” ಎಂದು ದೊಡ್ಡಕ್ಕ ಗದರಿದಳು. ಮೂವರೂ ನಕ್ಕು ನಕ್ಕು ಅಚ್ಚನ್ನು ಕೆಳಗಿಳಿಸಬೇಕಾಯಿತು. ಗೋಡೆ ಬಂದಮೇಲೆ ಆ ಮನೆಯಲ್ಲಿ ಯಾರಾದರೂ ಹಾಗೆ ನಕ್ಕಿದ್ದು ಅದೇ ಮೊದಲು.

ಅವರು ಮರಳುವ ಮೊದಲೇ ಮೈ ತಯಾರಾಯಿತು, ಅಚ್ಚು ವಾಪಸ್ಸು ಹೋಯಿತು. ಚಿಕ್ಕಭಾವನಿಗೆ “ತಮ್ಮ ನಿಮಗಾಗಿ ಹೊಸದಾಗಿ ಮಾಡಿದ” ಎಂದು ಹೇಳಲಾಯಿತು. ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಯಾವ ಅಚ್ಚಿನ ಮೈ ಎಂದು ಗುರುತಿಸಿದ, ಏನೂ ಕೇಳಲಿಲ್ಲ. ಮೂಗನ್ನು ಮಾತ್ರ ಕೊಯ್ದು ಸಪೂರ ಮಾಡಿಸಿ, ಎಂಜಿನ್ ಕೂರಿಸಿ, ಹಳದಿ ಬಣ್ಣ ಹೊಡೆಸಿ, ಹೊಸ ತಂಡವೆಂದು ರೇಸಿಗೆ ಹೆಸರು ಕೊಟ್ಟ.

ರೇಸ್ ನಡೆಯುವ ಜಾಗದಲ್ಲಿ ಹಳದಿ ಕಾರು ಟ್ರಕ್ಕಿನಿಂದ ಇಳಿದದ್ದೇ ತಡ, ಅದರ ಮೈ ತನ್ನ ಕಾರಿನದೇ ಎಂದು ದೊಡ್ಡಭಾವ ದೂರು ಕೊಟ್ಟ. ಇಡೀ ರೇಸಿನಲ್ಲಿ ಅವನು ತೋರಿಸಿದ ಅತಿ ಹೆಚ್ಚಿನ ವೇಗ ಅದೇ.

ನಿಯಮ ಸರಳವಾಗಿತ್ತು. ಎಂಜಿನ್ ಕೊಳ್ಳಬಹುದು, ಟೈರ್ ಕೊಳ್ಳಬಹುದು. ಕಾರಿನ ಮೈಯನ್ನು ಮಾತ್ರ ಪ್ರತಿ ತಂಡವೂ ತಾನೇ ರೂಪಿಸಬೇಕು. ಇನ್ನೊಂದು ತಂಡದ ಮೈ ಕದ್ದರೆ ಕದ್ದವರ ಪ್ರವೇಶ ರದ್ದು. ಆ ತಂಡವೇ ಕೈಯಾರೆ ಕೊಟ್ಟಿದ್ದರೆ ತೆಗೆದುಕೊಂಡವರೂ ಹೊರಗೆ, ಕೊಟ್ಟವರೂ ಹೊರಗೆ. ವಿಚಾರಣೆ ಮುಗಿಯುವವರೆಗೆ ಎರಡು ಕಾರುಗಳನ್ನೂ ತಪಾಸಣೆಯ ಶೆಡ್ಡಿನಲ್ಲಿಟ್ಟು ಮೊಹರು ಹಾಕಿದರು. ಅಚ್ಚಣ್ಣನನ್ನು ಸಾಕ್ಷಿಗೆ ಕರೆದರು.

ಶೆಡ್ಡಿನ ಹೊರಗೆ ಒಂದು ಬೆಂಚಿತ್ತು. ಅಚ್ಚಣ್ಣ ಅದರ ಮೇಲೆ ಕೂತಿದ್ದ. ಒಬ್ಬೊಬ್ಬರಾಗಿ ಬಂದರು.

ಮೊದಲು ದೊಡ್ಡಭಾವ. “ನೋಡೋ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಅವನು ಕದ್ದ ಅಂತ ಹೇಳು, ಸಾಕು.”

ಆಮೇಲೆ ಚಿಕ್ಕಭಾವ. “ಹೊಸದಾಗಿ ಮಾಡಿದ್ದು ಅಂತ ತಾನೇ ನೀವೆಲ್ಲ ಹೇಳಿದ್ದು? ಈಗಲೂ ಅದನ್ನೇ ಹೇಳು.”

ಆಮೇಲೆ ಚಿಕ್ಕಕ್ಕ. “ನಾನು ಅತ್ತಿದ್ದಕ್ಕೆ ಮಾಡ್ದೆ ಅಂತ ಮಾತ್ರ ಹೇಳ್ಬೇಡ ಕಣೋ. ಅವರಿಗೆ ಗೊತ್ತಾದ್ರೆ ಮುಖ ಎತ್ತೋಕಾಗಲ್ಲ.”

ಕೊನೆಗೆ ದೊಡ್ಡಕ್ಕ ಬಂದು ಪಕ್ಕದಲ್ಲಿ ಕೂತಳು. ಅವನ ಅಂಗಿಯ ತೋಳಿಗೆ ಅಂಟಿದ್ದ ಒಣಗಿದ ಅಂಟನ್ನು ಉಗುರಿನಿಂದ ಕೆರೆದು ತೆಗೆದಳು. “ನಾನು ಕೊಟ್ಟೆ ಅಂದ್ರೆ ಎರಡೂ ಕಾರು ಹೋಗುತ್ತೆ,” ಅಂದಳು. “ಕಾರು ಹೋಗ್ಲಿ. ಅವರು ಆಮೇಲೆ ನನ್ನ ಜೊತೆ ಮಾತಾಡಲ್ಲ. ನಿನಗೆ ಗೊತ್ತಲ್ಲ, ಅವರ ಮೌನ.”

ಅವನಿಗೆ ಗೊತ್ತಿತ್ತು. ದೊಡ್ಡಭಾವನ ಮೌನಕ್ಕೆ ವರ್ಷಗಟ್ಟಲೆ ಬಾಳಿಕೆ ಬರುವ ಗುಣಮಟ್ಟವಿತ್ತು. ನಾಲ್ವರೂ ಹೋದ ಮೇಲೆ ಅಚ್ಚಣ್ಣ ಲೆಕ್ಕ ಹಾಕಿದ: ಹೇಳಬಾರದ ಹೆಸರುಗಳನ್ನೆಲ್ಲ ಕಳೆದರೆ ಉಳಿಯುವುದು ಒಂದೇ ಹೆಸರು, ತನ್ನದು. ನಾನೇ ಕದ್ದೆ ಅಂದರೆ ದೊಡ್ಡಕ್ಕ ಉಳಿಯುತ್ತಾಳೆ. ಚಿಕ್ಕಭಾವನ ತಂಡ ಹೋಗುತ್ತದೆ. ಚಿಕ್ಕಕ್ಕ ಮತ್ತೆ ಬಿಚ್ಚಿದ ಮಿಕ್ಸಿಯ ಮುಂದೆ ಕೂರುತ್ತಾಳೆ. ಬಚ್ಚಲಿಗೆ ಹೋಗುವ ದಾರಿ ಮುಚ್ಚುತ್ತದೆ. ಕಳ್ಳನನ್ನು ಮೆಟ್ಟಿಲು ಹತ್ತಲು ದೊಡ್ಡಭಾವನೂ ಬಿಡುವುದಿಲ್ಲ. ಎಲ್ಲರನ್ನೂ ಉಳಿಸುವ ದಾರಿಯೊಂದನ್ನು ಹುಡುಕುತ್ತಿದ್ದಾಗಲೇ ಒಳಗಿನಿಂದ ಕರೆ ಬಂತು.

ಮುಖ್ಯ ತಪಾಸಕಿ ಐವತ್ತರ ಹೆಂಗಸು, ಮೊದಲು ದೋಣಿ ಕಟ್ಟುವ ಕಾರ್ಖಾನೆಯಲ್ಲಿದ್ದವಳು. ಮಾತು ಕಡಿಮೆ. ಅವಳಿಗೆ ಅಚ್ಚಣ್ಣನ ಮೇಲೆ ಅನುಮಾನ ಬಂದದ್ದು ಅಳತೆಯಿಂದಲ್ಲ, ಕ್ಯಾಂಟೀನಿನಿಂದ. ಎರಡು ತಂಡಗಳ ಡ್ರೈವರುಗಳು ಕಾಫಿ ಕುಡಿಯುತ್ತಾ ಬೆನ್ನುನೋವಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಇಬ್ಬರಿಗೂ ನೋವು ಒಂದೇ ಕಡೆ, ಎಡ ಭುಜದ ರೆಕ್ಕೆಮೂಳೆಯ ಕೆಳಗೆ.

“ಈ ಸೀಟಲ್ಲಿ ಕೂತ್ಕೊಳ್ಳಿ,” ಅಂದಳು ತಪಾಸಕಿ, ದೊಡ್ಡಭಾವನ ನೀಲಿ ಕಾರು ತೋರಿಸಿ.

ಅಚ್ಚಣ್ಣ ತೊಟ್ಟಿಗೆ ಇಳಿದ. ಹಳೆಯ ಚಪ್ಪಲಿಗೆ ಪಾದ ಇಳಿದ ಹಾಗೆ ಇಳಿದ. ಅವನ ಬಲ ಭುಜ ಎಡಕ್ಕಿಂತ ತುಸು ಕೆಳಗೆ. ಸೀಟಿನ ಬಲಭಾಗವೂ ಅಷ್ಟೇ ಕೆಳಗೆ.

“ಈಗ ಆ ಹಳದಿಯಲ್ಲಿ.”

ಅಲ್ಲೂ ಹಾಗೇ. ಒಂದು ಕೂದಲೆಳೆಯ ಸಂದೂ ಇರಲಿಲ್ಲ.

ರೇಸ್ ಕಾರಿನ ಸೀಟನ್ನು ಹೊಲಿಯುವುದಿಲ್ಲ, ಸುರಿಯುತ್ತಾರೆ. ತೊಟ್ಟಿಯಲ್ಲಿ ಪ್ಲಾಸ್ಟಿಕ್ ಚೀಲ ಹಾಸಿ, ಎರಡು ದ್ರವ ಕಲಸಿ ಒಳಗೆ ಹೊಯ್ದು, ಅದರ ಮೇಲೆ ಡ್ರೈವರನ್ನು ಕೂರಿಸುತ್ತಾರೆ. ಅದು ನೊರೆಯಾಗಿ ಉಬ್ಬಿ, ಕೂತವನ ಬೆನ್ನಿನ ಆಕಾರಕ್ಕೇ ಗಟ್ಟಿಯಾಗುತ್ತದೆ. ಕೂತವನು ಡ್ರೈವರೇ ಆಗಿರಬೇಕೆಂಬುದು ಎಲ್ಲರಿಗೂ ಗೊತ್ತು.

“ಇದು ಯಾಕೆ ನಿಮ್ಮ ಬೆನ್ನು?” ಎಂದು ತಪಾಸಕಿ ಕೇಳಿದಳು.

“ಡ್ರೈವರ್ ಬರ್ತೀನಿ ಬರ್ತೀನಿ ಅನ್ನೋ ಹೊತ್ತಿಗೆ ಫೋಮ್ ಕಲಸಿ ಆಗಿತ್ತು, ಮೇಡಂ. ಒಮ್ಮೆ ಕಲಸಿದ್ರೆ ಅದು ಯಾರಿಗೂ ಕಾಯಲ್ಲ. ಯಾರಾದ್ರೂ ಕೂರ್ಬೇಕಲ್ಲ.”

“ಎರಡನೇ ಕಾರಿಗೆ?”

“ಆಗ ಡ್ರೈವರೇ ಗೊತ್ತಾಗಿರ್ಲಿಲ್ಲ.”

“ಅಂದ್ರೆ ಎರಡೂ ನಿಮ್ಮ ಕೈಯ ಕೆಲಸ.”

“ಬೆನ್ನಿನ ಕೆಲಸ,” ಅಂದ ಅಚ್ಚಣ್ಣ. ಯಾರೂ ನಗಲಿಲ್ಲ. ಎದ್ದೇಳಲು ನೋಡಿದ, ಸೊಂಟ ಅಲ್ಲಾಡಲಿಲ್ಲ. ಎರಡನೆಯ ಮೈ ಮಾಡಿದ ಮೇಲೆ ಚಿಂತೆಗೆ ಅವನು ತಿನ್ನುವುದು ಜಾಸ್ತಿಯಾಗಿತ್ತು. ನೀಲಿ ಕಾರು ಹೇಗೋ ಬಿಟ್ಟುಕೊಟ್ಟಿತ್ತು, ಇಲ್ಲಿ ಮಾತ್ರ ಹೋಗುವಾಗ ಜಾರಿದ ಸೊಂಟ ಬರುವಾಗ ಒಪ್ಪಲಿಲ್ಲ. “ಅಲ್ಲೇ ಇರಿ ಪರವಾಗಿಲ್ಲ,” ಅಂದಳು ತಪಾಸಕಿ. ಉಳಿದ ವಿಚಾರಣೆ ಅವನು ತೊಟ್ಟಿಯಲ್ಲಿದ್ದಂತೆಯೇ ನಡೆಯಿತು. ಅವನಿಗೆ ಕಾಣುತ್ತಿದ್ದದ್ದು ಸುತ್ತ ನಿಂತವರ ಸೊಂಟಪಟ್ಟಿಗಳು, ಮತ್ತು ಹಿಂದೆ ಬಾಗಿಲ ಬಳಿ ನಿಂತ ಅಕ್ಕಂದಿರ ಎರಡು ಜೊತೆ ಪಾದ.

“ಅಚ್ಚು ಯಾರು ಕೊಟ್ಟಿದ್ದು?”

“ಯಾರೂ ಕೊಡ್ಲಿಲ್ಲ. ನಾನೇ ತಗೊಂಡೆ. ಕೇಳದೆ.”

“ನೋಡಿದ್ರಾ!” ಎಂದು ದೊಡ್ಡಭಾವನ ಸೊಂಟಪಟ್ಟಿ ಮುಂದೆ ಬಂತು.

“ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ,” ಎಂದು ಚಿಕ್ಕಭಾವನದೂ ಮುಂದೆ ಬಂತು.

ತಪಾಸಕಿ ಇಬ್ಬರ ಕಡೆಗೂ ನೋಡಲಿಲ್ಲ. ಮೂಲೆಯಲ್ಲಿ ತರಿಸಿ ಇಟ್ಟಿದ್ದ ಅಚ್ಚಿನ ಹತ್ತಿರ ಹೋಗಿ, ಅದರ ಅಂಚಿಗೆ ಕೈಹಾಕಿ ಎತ್ತಿ ನೋಡಿದಳು. ಅದು ಕದಲಲಿಲ್ಲ.

“ಒಬ್ಬರೇ ತಗೊಂಡು ಹೋದ್ರಾ?”

“ಹೂಂ.”

“ಎಳ್ಕೊಂಡು ಹೋದ್ರಾ?”

ಅಚ್ಚನ್ನು ಎಳೆಯುವುದೇ? ಅಂಚು ಕೆಡುತ್ತದೆ, ಹೊಳಪು ಹೋಗುತ್ತದೆ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಒಂದು ಅವಮಾನಕ್ಕೆ ಅವನ ನಾಲಿಗೆ ಸಿದ್ಧವಿರಲಿಲ್ಲ. “ಅಚ್ಚನ್ನ ಯಾರಾದ್ರೂ ಎಳೀತಾರಾ ಮೇಡಂ?” ಎಂದುಬಿಟ್ಟ.

“ಹಾಗಾದ್ರೆ ಇನ್ನೊಂದು ತುದಿ ಯಾರು ಹಿಡಿದ್ರು?”

ಅಚ್ಚಣ್ಣ ಮತ್ತೆ ಎದ್ದೇಳಲು ನೋಡಿದ. ನೊರೆಯ ಸೀಟು ಅವನನ್ನು ಎರಡೂ ಪಕ್ಕೆಯಿಂದ ಹಿಡಿದಿತ್ತು. ಇಷ್ಟು ವರ್ಷ ಎರಡು ಮನೆ ಹಿಡಿದ ಹಾಗೇ. ತಪಾಸಕಿ ಕಾದಳು. ಅವಳಿಗೆ ಕಾಯುವುದು ಚೆನ್ನಾಗಿ ಬರುತ್ತಿತ್ತು.

“ನಾನು ಹಿಡಿದೆ,” ಎಂದು ಬಾಗಿಲ ಬಳಿಯಿಂದ ದೊಡ್ಡಕ್ಕನ ದನಿ ಬಂತು. “ತಂಡ ನನ್ನ ಹೆಸರಲ್ಲಿದೆ. ಕೊಟ್ಟವಳೂ ನಾನೇ. ಅವನನ್ನ ಎಬ್ಬಿಸಿ, ಉಸಿರುಕಟ್ಟುತ್ತೆ.”

“ಅವಳೊಬ್ಬಳಿಂದ ಎಲ್ಲಿ ಆಗುತ್ತೆ,” ಅಂದಳು ಚಿಕ್ಕಕ್ಕ, ಅಳುತ್ತಾ. “ನಾನೂ ಇದ್ದೆ.”

ತೀರ್ಪು ಬರೆಯುವುದಕ್ಕಿಂತ ಅಚ್ಚಣ್ಣನನ್ನು ಕಾರಿನಿಂದ ಹೊರಗೆಳೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಎರಡೂ ತಂಡಗಳ ಪ್ರವೇಶ ರದ್ದಾಯಿತು. ಎರಡೂ ಕಾರು, ಚಿಕ್ಕಭಾವನ ಕಾರನ್ನು ತಂದಿದ್ದ ಟ್ರಕ್ಕು, ಎಲ್ಲಕ್ಕೂ ರೇಸ್ ಮುಗಿಯುವವರೆಗೆ ಮೊಹರು ಬಿತ್ತು.

ವಾಪಸ್ಸು ಹೋಗಲು ಉಳಿದದ್ದು ದೊಡ್ಡಭಾವನ ವ್ಯಾನು ಒಂದೇ. ದೊಡ್ಡಭಾವ ಓಡಿಸಿದ. ಬೇರೆ ಗತಿಯಿಲ್ಲದೆ ಚಿಕ್ಕಭಾವ ಮುಂದೆ ಅವನ ಪಕ್ಕ ಕೂತು ಕಿಟಕಿಯಾಚೆ ನೋಡತೊಡಗಿದ. ಹಿಂದಿನ ಸೀಟಿನ ನಡುವೆ ಅಚ್ಚಣ್ಣ, ಆಚೀಚೆ ಅಕ್ಕಂದಿರು. ಕಿಟಕಿಗಳೆಲ್ಲ ಮುಚ್ಚಿದ್ದವು. ಎದುರು ಸಾಲುಸಾಲು ಲಾರಿಗಳು. ವ್ಯಾನು ಮುಂದೆ ಹೋಗಲೊಲ್ಲದು. ದೊಡ್ಡಭಾವನ ಮೌನ ವ್ಯಾನಿನೊಳಗೆ ಫೋಮಿನ ಹಾಗೆ ಉಬ್ಬಿ ಮೂಲೆಮೂಲೆಗೂ ತುಂಬಿತು. ದೊಡ್ಡಕ್ಕ ಮಡಿಲಲ್ಲಿ ಕೈ ಕಟ್ಟಿಕೊಂಡು ಗಂಡನ ಹಿಂದಲೆಯನ್ನೇ ನೋಡುತ್ತಿದ್ದಳು.

ತಡೆಯಲಾರದೆ ಅಚ್ಚಣ್ಣ, “ಭಾವ, ನನ್ನನ್ನ ಇಲ್ಲೇ ಇಳಿಸಿಬಿಡಿ,” ಅಂದ.

ಇಬ್ಬರು ಭಾವಂದಿರೂ ಒಟ್ಟಿಗೆ ತಿರುಗಿದರು. “ಇಳಿದು ಎಲ್ಲಿಗೆ ಹೋಗ್ತೀಯೋ?” ಎಂದು ಕೇಳಿದವನು ದೊಡ್ಡಭಾವ.

ಅದನ್ನು ಅವನು ಯೋಚಿಸಿರಲಿಲ್ಲ.

“ಬಾಯಿಮುಚ್ಚಿ ಕೂತ್ಕೋ,” ಅಂದ ಚಿಕ್ಕಭಾವ. ಗೋಡೆ ಎದ್ದ ಮೇಲೆ ಷಡ್ಡಕರು ಒಪ್ಪಿದ ಮೊದಲ ವಿಷಯ ಅದು.

ಲಾರಿಗಳು ಕದಲಿದವು. ದೊಡ್ಡಭಾವ ಗೇರ್ ಹಾಕಿದ. ಬಹಳ ದೂರ ಹೋದ ಮೇಲೆ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, “ಅಚ್ಚು ಭಾರ ಇತ್ತಾ?” ಎಂದು ಕೇಳಿದ.

ಯಾರನ್ನು ಕೇಳಿದ ಎಂದು ಯಾರೂ ವಿಚಾರಿಸಲಿಲ್ಲ.

“ಇತ್ತು,” ಅಂದಳು ದೊಡ್ಡಕ್ಕ.