ರಂಗಸ್ವಾಮಿ ಕಟ್ಟಿದ ಪಟ್ಟಿ

ಮೊದಲು ನೋವಾಗಲಿಲ್ಲ. ಬಲತೊಡೆಯ ಮೇಲೆ ಏನೋ ಬಿಸಿಯಾಗಿ ಹರಿಯಿತು. ನೀರಿನ ಬಾಟಲಿ ಒಡೆಯಿತೆಂದುಕೊಂಡೆ. ಆ ಚಳಿಯಲ್ಲಿ ನೀರು ಬಿಸಿಯಿರುವುದಿಲ್ಲ ಎಂದು ಹೊಳೆಯುವಷ್ಟರಲ್ಲಿ ಬಿದ್ದಿದ್ದೆ.

ರಕ್ತ ಚಿಮ್ಮುತ್ತಿತ್ತು.

ಕಾರ್ಗಿಲ್ ಯುದ್ಧದ ಬೇಸಿಗೆ ಅದು; ಆ ಎತ್ತರದಲ್ಲಿ ಬೇಸಿಗೆಯೂ ಚಳಿಯೇ. ಒಂದು ಮರವೂ ಇಲ್ಲದ ಬೋಳು ಗುಡ್ಡ. ಮೇಲಿನಿಂದ ಗುಂಡು ಬರುತ್ತಿತ್ತು, ಶೆಲ್ಲುಗಳು ಬಂಡೆಗಳನ್ನು ಪುಡಿ ಮಾಡುತ್ತಿದ್ದವು. ಜೊತೆಯವರೆಲ್ಲ ಮರೆಯಲ್ಲಿದ್ದರು; ನಾನು ಬಯಲಲ್ಲಿ. ಯಾರೂ ಬರಲಾರರೆಂದು ಗೊತ್ತಿತ್ತು. ಅವರ ಜಾಗದಲ್ಲಿದ್ದಿದ್ದರೆ ನಾನೂ ಹೋಗುತ್ತಿರಲಿಲ್ಲವೇನೋ.

ರಂಗಸ್ವಾಮಿ ಬಂದ.

ಅವನು ನಮ್ಮ ತುಕಡಿಯ ನರ್ಸಿಂಗ್ ಅಸಿಸ್ಟೆಂಟ್. ತುರುವೇಕೆರೆ ಕಡೆಯ ಸಂಪಿಗೆ ಎಂಬ ಹಳ್ಳಿಯವನು, ನಾನು ಹಂದನಕೆರೆಯವನು. ಊರಿನಿಂದ ಅಷ್ಟು ದೂರದಲ್ಲಿ ಇಬ್ಬರೂ ಒಂದೇ ಊರಿನವರಂತೆ ಇದ್ದೆವು. ಔಷಧದ ಚೀಲ ಎಳೆದುಕೊಂಡು ಹೊಟ್ಟೆಯ ಮೇಲೆ ತೆವಳಿ ಬಂದವನು, ನನ್ನ ತೊಡೆಸಂದಿಗೆ ಮೊಣಕಾಲೂರಿ ಪಟ್ಟಿ ಬಿಗಿದ. ಕಿರುಚಿದೆ.

"ಕಿರುಚ್ಕೊ. ಕಣ್ ಮಾತ್ರ ಮುಚ್ಬ್ಯಾಡ ಕಣ್ಲಾ. ನನ್ ಕುಟೆ ಮಾತಾಡು. ನಿಮ್ ತ್ವಾಟದಲ್ಲಿ ಈಗ ಕಾಯಿ ಕೆಡವ್ತಾವ್ರಾ?"

ಒಂದು ಶೆಲ್ ಹತ್ತಿರವೇ ಬಿತ್ತು. ಅವನು ನನ್ನ ಮೇಲೆ ಕವುಚಿ ಮಲಗಿದ. ಎದ್ದಾಗ ಅವನ ಭುಜದ ಬಟ್ಟೆ ಹರಿದು ಒದ್ದೆಯಾಗಿತ್ತು.

"ನಿಂಗೂ ಬಿತ್ತಲ್ಲೋ," ಎಂದೆ.

"ಬುಡು, ಗೀರೈತೆ," ಎಂದವನೇ ನನ್ನ ಕಂಕುಳಿಗೆ ಕೈ ಹಾಕಿ ಬಂಡೆಯ ಮರೆಗೆ ಎಳೆದ. ಒಂದೇ ಕೈಯಲ್ಲಿ.

ಆಚೆ ಇನ್ನೊಬ್ಬ ಗಾಯಾಳು ಕೂಗುತ್ತಿದ್ದ. ರಂಗಸ್ವಾಮಿ ಅತ್ತ ನೋಡಿದ. ಹೋಗಬೇಡವೆಂದು ತೋಳು ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡ.

"ಕೂಗ್ತಾವ್ನೆ ಕಣ್ಲಾ. ಇರು, ಬತ್ತೀನಿ."

ಬರಲಿಲ್ಲ.

ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ಬಲಗಾಲಿನ ಹೆಬ್ಬೆರಳು ತುರಿಸುತ್ತಿತ್ತು. ಕೈ ಚಾಚಿದೆ. ಮಂಡಿ ಇರಬೇಕಾದ ಜಾಗದಲ್ಲಿ ಹೊದಿಕೆ ಚಪ್ಪಟೆಯಾಗಿತ್ತು.

ಸರ್ಜನ್ ಹಿಂದಿಯಲ್ಲಿ ವಿವರಿಸಿದರು. ತೊಡೆಯ ಆರ್ಟರಿ, ದೊಡ್ಡ ರಕ್ತನಾಳ, ಹರಿದಿತ್ತು. ಕೆಳಗೆ ತರುವಷ್ಟರಲ್ಲಿ ಕಾಲು ಸತ್ತಿತ್ತು. ಆಂಪ್ಯುಟೇಶನ್, ಅಂದರೆ ಕಾಲು ಕತ್ತರಿಸುವುದು ಬಿಟ್ಟು ದಾರಿಯಿರಲಿಲ್ಲ. ರಕ್ತ ನಿಲ್ಲಿಸಲು ಬಿಗಿದ ಆ ಪಟ್ಟಿ, ಟೂರ್ನಿಕೆಟ್, ಇಲ್ಲದಿದ್ದರೆ ನೀನೇ ಇರುತ್ತಿರಲಿಲ್ಲ, ಯಾರು ಕಟ್ಟಿದ್ದು, ಎಂದು ಕೇಳಿದರು. ಹೆಸರು ಹೇಳಿದೆ. ಉಳಿದದ್ದನ್ನು ಪಕ್ಕದಲ್ಲಿದ್ದ ಸಿಸ್ಟರ್ ಹೇಳಿದರು. ಕೂಗುತ್ತಿದ್ದವನನ್ನು ಅವನು ತಲುಪಿದ್ದನಂತೆ. ಪಟ್ಟಿ ಅರ್ಧ ಸುತ್ತಿದ್ದನಂತೆ. ಇಬ್ಬರೂ ಉಳಿಯಲಿಲ್ಲ.

ಊರಿಗೆ ಬಂದ ಮೇಲೆ ಸ್ಟಂಪ್, ಉಳಿದ ಮೋಟುಗಾಲು, ಕೀವಾಯಿತು. ಡ್ರೆಸ್ಸಿಂಗ್‌ಗೆಂದು ತಿಪಟೂರಿಗೆ ಬಸ್ಸಿನಲ್ಲಿ ಹೋಗಿಬರುವುದೇ ನಮ್ಮ ದಿನಚರಿಯಾಯಿತು. ಆಮೇಲೆ ನನ್ನ ಹೆಂಡತಿ ಜಯಮ್ಮ ತಾನೇ ಡ್ರೆಸ್ಸಿಂಗ್ ಮಾಡಲು ಕಲಿತಳು. ಆ ವಾಸನೆಗೆ ಒಂದು ದಿನವೂ ಮುಖ ತಿರುಗಿಸಲಿಲ್ಲ. ಇಲ್ಲದ ಪಾದ ಉರಿಯುತ್ತಿತ್ತು. ಫ್ಯಾಂಟಮ್ ಪೇನ್ ಎಂದರು ಡಾಕ್ಟರು. ತೋಟದಲ್ಲಿ ತೆಂಗಿನಕಾಯಿ ಬಿದ್ದ ಸದ್ದಿಗೆ ಬೆಚ್ಚಿ ನೆಲಕ್ಕೆ ಬೋರಲಾಗುತ್ತಿದ್ದೆ. ಈ ಸೀಮೆಯಲ್ಲಿ ಆ ಸದ್ದಿಲ್ಲದ ಜಾಗವೆಲ್ಲಿದೆ?

ಗಾಯ ಒಣಗಿದ ಮೇಲೆ ಒಬ್ಬನೇ ಸಂಪಿಗೆಗೆ ಹೋದೆ. ರಂಗಸ್ವಾಮಿಯ ತಾಯಿ ಜಗುಲಿಯ ಮೇಲಿದ್ದರು. ನಾನು ಯಾರೆಂದು ಹೇಳಿದೆ. ಅವರು ನನ್ನ ಮಡಚಿದ ಪ್ಯಾಂಟನ್ನೇ ನೋಡಿದರು.

"ನನ್ ಮಗ ಬಂದಿದ್ದು ತಡವಾಯ್ತೇನಪ್ಪಾ? ಕಾಲು ಉಳ್ಸಕ್ಕಾಗ್ನಿಲ್ವಾ ಅವ್ನಿಗೆ?"

ಮಗನ ಪರವಾಗಿ ಆ ತಾಯಿ ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು.

"ಇಲ್ಲ ಕಣವ್ವಾ. ಕಾಲು ತೆಗ್ದಿದ್ದು ಡಾಕ್ಟ್ರು. ಅವ್ನು ಜೀವ ಉಳ್ಸಿದ."

"ಕೊನೇಲಿ ಸಂಕ್ಟ ಪಟ್ನಾ?"

"ಗೊತ್ತಿಲ್ಲ ಕಣವ್ವಾ. ನಂಗೆ ಎಚ್ರ ಇರ್ನಿಲ್ಲ." ಊರುಗೋಲು ಬದಿಗಿಟ್ಟು ಹೇಳಿದೆ: "ಹೆದ್ರಿದ್ದ. ಆ ಬಂಡೆ ಹಿಂದೆ ಅವ್ನ ಮುಖ್ದಲ್ಲೇ ಕಾಣ್ತಿತ್ತು. ಆದ್ರೂ ಹೋದ."

ಆಗ ಅತ್ತರು. ಅಲ್ಲಿಯವರೆಗೆ ಬಂದವರೆಲ್ಲ ಅವರಿಗೆ ಹೇಳಿದ್ದು ಹೆದರಿಕೆಯೇ ಗೊತ್ತಿಲ್ಲದ ಯಾವನೋ ವೀರನ ಕಥೆ.

"ಚಿಕ್ಕೋನಿದ್ದಾಗ ಹಿತ್ಲಿಗೋಗಕ್ಕೂ ನನ್ನ ಕರೀತಿದ್ದ ಕಣಪ್ಪ," ಎಂದರು. ಮುಖ ಒರೆಸಿಕೊಂಡು ಒಳಗೆ ಕರೆದು ಮುದ್ದೆ ಬಡಿಸಿದರು.

ಹೊರಟಾಗ ಬಸ್ಸಿನವರೆಗೂ ಬಂದರು. ತೆಂಗಿನ ತೋಟದ ದಾರಿ; ಒಣಗಿದ ಗರಿ, ಮಟ್ಟೆ ಅಡ್ಡಡ್ಡ ಬಿದ್ದಿದ್ದವು. ನನ್ನ ಊರುಗೋಲು ಜಾರದಿರಲೆಂದು ಒಂದೊಂದನ್ನೇ ಬಗ್ಗಿ ಎತ್ತಿ ಬದಿಗೆ ಹಾಕುತ್ತ ಅವರು ಮುಂದೆ ನಡೆದರು. ನಾನು ಹಿಂದೆ ನಡೆದೆ.